ಗುಹೆಯ ಬೀಗದ ಕೈ ಯಾರ ಹತ್ತಿರ?

ಕಾಡು ಕಾಪಾಡಬೇಕು, ಗುಹೆ ಕಾಪಾಡಬೇಕು, ಹಳೇ ಗಣಿ ಕಾಪಾಡಬೇಕು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ಒಂದು ಅನುಮಾನ ಹುಟ್ಟುತ್ತದೆ. ಕೇರಿಗೆ ನೀರಿಲ್ಲ, ಹಟ್ಟಿಗೆ ದಾರಿಯಿಲ್ಲ, ಇವರಿಗೆ ಬಾವಲಿಯ ಚಿಂತೆ! ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ನಾವು ಅಲ್ಲಿಗೇ ನಿಂತರೆ ಸಾಲದು. ಕಾಪಾಡುವುದು ಅಂದರೆ ಏನನ್ನು, ಯಾರಿಂದ, ಯಾರಿಗಾಗಿ? ಇದು ಅರಣ್ಯ ಇಲಾಖೆಯ ಪ್ರಶ್ನೆ ಮಾತ್ರವಲ್ಲ, ನೀತಿಯ ಪ್ರಶ್ನೆ.

ಗಾಳಿಯಲ್ಲಿ ಮಾತಾಡುವುದು ಬೇಡ. ಒಂದು ಗುಹೆಯನ್ನೇ ಎದುರಿಗಿಟ್ಟುಕೊಳ್ಳೋಣ. ಅಮೆರಿಕದ ಕೆಂಟಕಿ ರಾಜ್ಯದ ಮ್ಯಾಮತ್ ಗುಹೆ. ಈವರೆಗೆ ಅಳೆದಿರುವ ದಾರಿಯೇ ಸುಮಾರು 680 ಕಿಲೋಮೀಟರು; ಲೋಕದಲ್ಲಿ ಇದಕ್ಕಿಂತ ಉದ್ದದ ಗುಹೆ ಗೊತ್ತಿಲ್ಲ. ಅದು ರಾಷ್ಟ್ರೀಯ ಉದ್ಯಾನದೊಳಗಿದೆ. ಅದೇ ಗುಹೆ ಒಂದು ಹಳೇ ಗಣಿಯೂ ಹೌದು. ಅಷ್ಟು ದೂರದ್ದು ನಮಗ್ಯಾಕೆ ಅನ್ನಬಹುದು. 1972ರಲ್ಲಿ ಮುಂಬಯಿಯ ದಲಿತ ಯುವಕರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂದು ಹೆಸರಿಟ್ಟದ್ದು ಅಮೆರಿಕದ ಕಪ್ಪು ಜನರ ಹೋರಾಟವನ್ನು ನೋಡಿ. ಆ ಜನರ ಹಿರೀಕರ ಬೆವರು ಈ ಗುಹೆಯ ಮಣ್ಣಲ್ಲಿ ಬಿದ್ದಿದೆ.

1812ರಲ್ಲಿ ಅಮೆರಿಕಕ್ಕೂ ಇಂಗ್ಲೆಂಡಿಗೂ ಯುದ್ಧ ಹತ್ತಿತು. ಕೋವಿಮದ್ದಿಗೆ ಪೆಟ್ಲುಪ್ಪು ಬೇಕು. ಅದುವರೆಗೆ ಬ್ರಿಟಿಷರ ಕೈಕೆಳಗಿದ್ದ ಇಂಡಿಯಾದಿಂದ ಅದು ಹಡಗಿನಲ್ಲಿ ಹೋಗುತ್ತಿತ್ತು. ಬಿಹಾರದ ಕಡೆ ಮಣ್ಣು ಕೆರೆದು, ನೀರಲ್ಲಿ ಸೋಸಿ, ಕುದಿಸಿ ಅದನ್ನು ತೆಗೆಯುವುದು ನೋನಿಯಾ ಎಂಬ ಕೆಳಜಾತಿಯವರ ಕಸುಬು. ಯುದ್ಧದಿಂದ ಆ ಸರಕು ನಿಂತಿತು. ಆಗ ಕೆಂಟಕಿಯ ಗುಹೆಗೆ ಗುಲಾಮರನ್ನು ಇಳಿಸಿದರು. ಸುಮಾರು ಎಪ್ಪತ್ತು ಜನ ಕತ್ತಲಲ್ಲಿ ಮಣ್ಣು ಅಗೆದರು. ಮರದ ತೊಟ್ಟಿಗೆ ತುಂಬಿ ನೀರು ಹೊಯ್ದರು. ದಿಮ್ಮಿ ಕೊರೆದ ಕೊಳವೆಯಲ್ಲಿ ಆ ನೀರನ್ನು ಹೊರಗೆ ಸಾಗಿಸಿದರು. ಅಲ್ಲಿ ಜಾತಿ, ಇಲ್ಲಿ ಬಣ್ಣ. ಮಣ್ಣು ಕೆರೆದ ಕೈ ಮಾತ್ರ ಎರಡೂ ಕಡೆ ಕೆಳಗೆ ತುಳಿಸಿಕೊಂಡವರದೇ. ಯುದ್ಧ ಮುಗಿಯಿತು, ಬೆಲೆ ಬಿತ್ತು, ಗಣಿ ನಿಂತಿತು. ಆ ತೊಟ್ಟಿಗಳು, ಆ ಕೊಳವೆಗಳು ಇವತ್ತೂ ಗುಹೆಯೊಳಗೆ ಉಳಿದಿವೆ.

ಆಮೇಲೆ ಗುಹೆ ನೋಡಲು ದುಡ್ಡಿರುವವರು ಬರತೊಡಗಿದರು. ದಾರಿ ತೋರಿಸಲು ಮತ್ತೆ ಗುಲಾಮರೇ ಬೇಕಾಯಿತು. 1838ರಲ್ಲಿ ಸ್ಟೀಫನ್ ಬಿಷಪ್ ಎಂಬ ಹುಡುಗನನ್ನು ಅವನ ಒಡೆಯ ಅಲ್ಲಿಗೆ ತಂದ. ಅದುವರೆಗೆ ಯಾರೂ ದಾಟದ ಆಳವಾದ ಕಂದಕವೊಂದನ್ನು ಆ ಹುಡುಗ ದಾಟಿದ. ಆಚೆ ಮೈಲಿಗಟ್ಟಲೆ ಹೊಸ ದಾರಿ ತೆರೆಯಿತು. ಮರುವರ್ಷ ಕ್ರೋಗನ್ ಎಂಬ ವೈದ್ಯ ಗುಹೆಯನ್ನು ಕೊಂಡುಕೊಂಡಾಗ ಗುಹೆಯ ಜೊತೆಗೇ ಸ್ಟೀಫನ್ನನ್ನೂ ಕೊಂಡುಕೊಂಡ. ಕಲ್ಲಿಗೂ ಮನುಷ್ಯನಿಗೂ ಒಬ್ಬನೇ ಒಡೆಯ! 1842ರಲ್ಲಿ ಸ್ಟೀಫನ್ ನೆನಪಿನಿಂದಲೇ ಗುಹೆಯ ನಕ್ಷೆ ಬರೆದ. ಅದು ಅವನ ಹೆಸರಿನಲ್ಲೇ ಅಚ್ಚಾಯಿತು. ನಕ್ಷೆಗೆ ಅವನ ಹೆಸರು ಬಂತು, ಅವನ ಮೈ ಮಾತ್ರ ಅವನದಾಗಿರಲಿಲ್ಲ. ಬಿಡುಗಡೆ ಸಿಕ್ಕಿದ್ದು 1856ರಲ್ಲಿ. ಸತ್ತದ್ದು ಮರುವರ್ಷ. ಅವನ ಗೋರಿಗೆ ಕಲ್ಲು ಬರಲು 1881ರವರೆಗೆ ಕಾಯಬೇಕಾಯಿತು. ಅದೂ ಯಾರೋ ಸಿಪಾಯಿಗೆ ಅಂತ ಕಡೆದು ಉಳಿದಿದ್ದ ಕಲ್ಲು; ಅದರ ಮೇಲೆ ಸತ್ತ ವರ್ಷವೂ ತಪ್ಪು.

ಈಗ ನಮ್ಮ ಪ್ರಶ್ನೆಗೆ ಬರೋಣ. ಗುಹೆಯ ಚಾವಣಿಯ ಮೇಲೆ ಮೇಣದ ಬತ್ತಿಯ ಹೊಗೆಯಿಂದ ಬರೆದ ಹೆಸರುಗಳಿವೆ. ಬಂದುಹೋದ ದೊಡ್ಡವರ ಹೆಸರುಗಳೂ ಇವೆ, ಗುಲಾಮ ಮಾರ್ಗದರ್ಶಿಗಳು ಬರೆದುಕೊಂಡ ಅವರ ಸ್ವಂತ ಹೆಸರುಗಳೂ ಇವೆ. ಇವತ್ತು ಯಾರಾದರೂ ಹಾಗೆ ಬರೆದರೆ ಅದು ಅಪರಾಧ. ಸರಿಯೇ, ಬಂದವರೆಲ್ಲ ಗೀಚಿದರೆ ಗುಹೆ ಉಳಿಯುವುದಿಲ್ಲ. ಆದರೆ ಶುದ್ಧ ಮಾಡುತ್ತೇವೆ ಅಂತ ಆ ಹಳೇ ಮಸಿಯನ್ನು ಒರೆಸಿದರೆ ಏನಾಗುತ್ತದೆ? ಅಕ್ಷರ ಕಲಿಯುವ ಹಕ್ಕಿಲ್ಲದಿದ್ದವನು ತಾನೂ ಒಬ್ಬ ಮನುಷ್ಯ ಅಂತ ಬರೆದಿಟ್ಟ ಸಾಕ್ಷಿ ಅಳಿಯುತ್ತದೆ. ಅಮೆರಿಕದ 1979ರ ಕಾನೂನೊಂದು ನೂರು ವರ್ಷ ದಾಟಿದ ಮನುಷ್ಯರ ಗುರುತುಗಳನ್ನು ರಕ್ಷಿಸಬೇಕಾದ ಪ್ರಾಚ್ಯವಸ್ತುಗಳ ಲೆಕ್ಕಕ್ಕೆ ತರುತ್ತದೆ. ಒಳ್ಳೆಯದು. ಆದರೆ ಬಡವನ ಗುರುತಿಗೆ ಬೆಲೆ ಬರಲು ಅವನು ಸತ್ತು ನೂರು ವರ್ಷ ಆಗಬೇಕೇ?

ಸತ್ತವನಿಗಾದರೂ ಮರ್ಯಾದೆ ಸಿಕ್ಕಿತೇ? ಎರಡು ಸಾವಿರ ವರ್ಷಕ್ಕೂ ಹಿಂದೆ ಆ ನೆಲದ ಮೂಲನಿವಾಸಿಗಳು ಜೊಂಡಿನ ಪಂಜು ಹಿಡಿದು ಇದೇ ಗುಹೆಯಲ್ಲಿ ಜಿಪ್ಸಂ ಮುಂತಾದ ಖನಿಜ ಕೆರೆಯುತ್ತಿದ್ದರು. ಹಾಗೆ ಕೆರೆಯುತ್ತಿದ್ದ ಒಬ್ಬನ ಮೇಲೆ ಬಂಡೆ ಉರುಳಿತ್ತು. ಒಣಗಿ ಉಳಿದಿದ್ದ ಅವನ ದೇಹ 1935ರಲ್ಲಿ ಸಿಕ್ಕಿತು. ಅದಕ್ಕೊಂದು ತಮಾಷೆಯ ಹೆಸರಿಟ್ಟು ಬಂದವರಿಗೆಲ್ಲ ತೋರಿಸಿದರು. 1970ರ ದಶಕದವರೆಗೂ ತೋರಿಸಿದರು. ಕೆಲಸ ಮಾಡುತ್ತಾ ಸತ್ತ ಒಬ್ಬ ಗಣಿ ಕೂಲಿ ಅವನು. ಅವನ ದೇಹವನ್ನು ಕೆಡದಂತೆ ಕಾಪಾಡಿದರು, ಮರ್ಯಾದೆಯನ್ನು ಕಾಪಾಡಲಿಲ್ಲ. ಕಾಪಾಡುವುದಕ್ಕೂ ಗೌರವಿಸುವುದಕ್ಕೂ ಎಷ್ಟು ಅಂತರ ಇದೆ ನೋಡಿ.

1941ರಲ್ಲಿ ಮ್ಯಾಮತ್ ಗುಹೆ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕಾಗಿ ಸುತ್ತಲಿನ ನೂರಾರು ಕುಟುಂಬಗಳನ್ನು ಎಬ್ಬಿಸಿದರು. ಗುಲಾಮಗಿರಿಯ ಕಾಲದಿಂದ ತಲೆಮಾರುಗಟ್ಟಲೆ ದಾರಿ ತೋರಿಸಿದ್ದ ಬ್ರಾನ್ಸ್‌ಫರ್ಡ್ ಮನೆತನದ ಕಪ್ಪು ಜನರಿಗೂ ಅಲ್ಲಿ ಜಾಗವಿಲ್ಲದಾಯಿತು. ಕಪ್ಪು ಪ್ರವಾಸಿಗರನ್ನು ಗುಹೆಯ ಹೋಟೆಲಿನಲ್ಲಿ ಇಳಿಸಿಕೊಳ್ಳದ ಕಾಲದಲ್ಲಿ ಆ ಮನೆತನದವರು ತಮ್ಮ ಮನೆಯಲ್ಲೇ ಅವರಿಗೆ ವಸತಿ ನಡೆಸಿದ್ದರು. ಆ ಜಾಗವೂ ಉದ್ಯಾನಕ್ಕೆ ಹೋಯಿತು. ಆ ಮನೆತನದ ಐದನೇ ತಲೆಮಾರಿನ ಒಬ್ಬರು ಮತ್ತೆ ಅಲ್ಲಿ ಮಾರ್ಗದರ್ಶಿಯಾದದ್ದು 2004ರಲ್ಲಿ. ಮಾರಾಟದ ಆಳುಗಳಾಗಿದ್ದಾಗ ಬೇಕಾಗಿದ್ದವರು ಗುಹೆ ಎಲ್ಲರದಾದಾಗ ಬೇಡವಾದರು!

ಇಲ್ಲಿ ಗೆಳೆಯರು ಕೇಳಬಹುದು: ಹಂಗಾದರೆ ಈ ಉದ್ಯಾನವೇ ಮೋಸ, ಬೇಲಿ ಕಿತ್ತು ಬಿಸಾಕಿ ಅನ್ನಿ ಮತ್ತೆ. ಇಲ್ಲ, ನಾವು ಹಾಗೆ ಅನ್ನುವುದಿಲ್ಲ. ಗುಹೆ ಒಬ್ಬ ಒಡೆಯನ ಕೈಲಿದ್ದಾಗ ಕಲ್ಲಿನ ಜೊತೆ ಮನುಷ್ಯನೂ ಮಾರಾಟವಾದ. ಅದು ಎಲ್ಲರ ಸೊತ್ತಾಗುವುದೇ ನ್ಯಾಯ. ಬಾವಲಿಯದೂ ಸಣ್ಣ ಮಾತಲ್ಲ. 2006ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಗುಹೆಗಳಲ್ಲಿ ಬಾವಲಿಗಳ ಮೂತಿಗೆ ಬಿಳಿ ಬೂಷ್ಟು ಹಿಡಿಯುವ ರೋಗ ಕಾಣಿಸಿತು. ಚಳಿಗಾಲದ ನಿದ್ದೆ ಕೆಟ್ಟು, ಮೈಯಲ್ಲಿನ ಕೊಬ್ಬು ಕರಗಿ ಅವು ಲಕ್ಷಗಟ್ಟಲೆ ಸತ್ತವು. 2013ರಲ್ಲಿ ಮ್ಯಾಮತ್‌ಗೂ ಬಂತು. ಆ ಬೂಷ್ಟು ಮನುಷ್ಯರ ಕಾಲ್ಮೆಟ್ಟಿನಲ್ಲೂ ಸಾಗುತ್ತದೆ. ಅದಕ್ಕೇ ಗುಹೆ ನೋಡಿ ಹೊರಬಂದವರು ಮದ್ದಿನ ಚಾಪೆ ತುಳಿದು ಹೋಗಬೇಕು. ಬಾವಲಿಗಳು ತಂಗುವ ಹಳೇ ಗಣಿಗಳ ಬಾಯಿಗೆ ಅಡ್ಡ ಸರಳು ಹಾಕುತ್ತಾರೆ: ಬಾವಲಿ ಹಾರಿ ಹೋಗಬಹುದು, ಮನುಷ್ಯ ನುಗ್ಗಲಾಗದು. ಇದು ಬೇಕಾದ ಬಾಗಿಲೇ. ಬೆಳೆಯ ಹುಳ ತಿನ್ನುವ ಬಾವಲಿ ರೈತನ ಗೆಣೆಕಾರ.

ಆದರೆ ಬಾವಲಿಗೆ ಸಂದು ಬಿಟ್ಟ ಬಾಗಿಲು ಅಲ್ಲಿ ದುಡಿದವರ ಮಕ್ಕಳಿಗೂ ಸಂದು ಬಿಟ್ಟಿದೆಯೇ? ಸಾರ್ವಜನಿಕ ಎಂದು ಕಾಗದದಲ್ಲಿ ಬರೆದಾಕ್ಷಣ ಒಂದು ಜಾಗ ಎಲ್ಲರದಾಗುವುದಿಲ್ಲ. ಮಹಾಡದ ಕೆರೆಯನ್ನು ಪುರಸಭೆ ಎಲ್ಲರಿಗೂ ತೆರೆದಿತ್ತು. ಆದರೂ 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಬೊಗಸೆ ನೀರು ಕುಡಿಯಬೇಕಾಯಿತು. ರಾಷ್ಟ್ರೀಯ ಉದ್ಯಾನ ಎಂಬ ಕಲ್ಪನೆಯೇ ನಮಗೆ ಬಂದದ್ದು ಅಮೆರಿಕದಿಂದ. ನಮ್ಮ 1972ರ ವನ್ಯಜೀವಿ ಕಾಯಿದೆಯೂ ಉದ್ಯಾನದೊಳಗಿನ ಜನರ ಹಕ್ಕುಗಳನ್ನು ತೆಗೆದುಹಾಕುವ ದಾರಿಯನ್ನೇ ಹಿಡಿಯಿತು. ನಾಗರಹೊಳೆಯ ಜೇನುಕುರುಬರಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಉದ್ಯಾನದೊಳಗೂ ಅವರ ಹಕ್ಕು ಉಂಟು ಎಂದು 2006ರ ಅರಣ್ಯ ಹಕ್ಕು ಕಾಯಿದೆ ಹೇಳಿದ ಮೇಲೂ ಅವರು ಅರ್ಜಿ ಹಿಡಿದು ಅಲೆದದ್ದು ತಪ್ಪಲಿಲ್ಲ.

ಆದ್ದರಿಂದ ಯಾವ ಗುಹೆಗೇ ಆಗಲಿ, ಯಾವ ಹಳೇ ಗಣಿಗೇ ಆಗಲಿ ಬಾಗಿಲು ಹಾಕುವವರನ್ನು ನಾವು ಮೂರು ಮಾತು ಕೇಳಬೇಕು. ಇದನ್ನು ಅಗೆದವರು ಯಾರು, ಅವರ ಹೆಸರು ಬೋರ್ಡಿನ ಮೇಲೆ ಇದೆಯೇ? ಇದಕ್ಕಾಗಿ ಎಬ್ಬಿಸಿದವರು ಯಾರು, ಅವರಿಗೆ ನೆಲ ಮತ್ತು ಕೆಲಸ ಸಿಕ್ಕಿತೇ? ಬೀಗದ ಕೈ ಹಿಡಿದವರ ನಡುವೆ ಅವರ ಮಕ್ಕಳು ಇದ್ದಾರೆಯೇ? ಮೂರಕ್ಕೂ ಉತ್ತರ ಸಿಕ್ಕರೆ ಆ ಬಾಗಿಲಿಗೆ ನಾವೇ ಕಾವಲು ನಿಲ್ಲೋಣ. ಸಿಗದಿದ್ದರೆ ಅದನ್ನು ರಕ್ಷಣೆ ಅಂತ ಕರೆಯುವುದು ಬೇಡ. ಒಡೆಯ ಬದಲಾದ ಅಂತಲೇ ಹೇಳೋಣ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟರುಗಳು ಗುಹೆ ಎಷ್ಟು ಉದ್ದ, ಕಲ್ಲಿಗೆ ಎಷ್ಟು ವಯಸ್ಸು ಎಂದು ಹೇಳಿದ ಮೇಲೆ ಈ ಮೂರು ಪ್ರಶ್ನೆಗಳನ್ನೂ ಅಲ್ಲೇ ನಿಂತು ಕೇಳಲಿ.