ಮನೆಯ ಬೆಕ್ಕು ಮತ್ತು ಹೊಸ ಮರಿ

ಮನೆಯಲ್ಲಿ ಒಂದು ಬೆಕ್ಕು ಇದೆ. ಹೀಗಿರುವಾಗ ಮಕ್ಕಳು ಎಲ್ಲಿಂದಲೋ ಒಂದು ಮರಿಯನ್ನು ಎತ್ತಿಕೊಂಡು ಬರುತ್ತಾರೆ. ಮೊದಲಿನ ಬೆಕ್ಕು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಬುಸುಗುಡುತ್ತದೆ. ಮರಿ ಹೆದರಿ ಕಪಾಟಿನ ಅಡಿಯನ್ನು ಸೇರುತ್ತದೆ. ಎರಡು ದಿನ ಇದನ್ನು ಕಂಡ ಹಿರಿಯರು 'ಇದು ಆಗುವ ಮಾತಲ್ಲ' ಎಂದು ಮರಿಯನ್ನು ಗೋಣಿಚೀಲಕ್ಕೆ ಹಾಕಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುತ್ತಾರೆ. 'ಅಲ್ಲಿ ಅದಕ್ಕೆ ಬೇಕಾದಷ್ಟು ಮೀನು ಸಿಗುತ್ತದೆ' ಎಂದು ಅಳುವ ಮಕ್ಕಳನ್ನು ಸಮಾಧಾನಪಡಿಸುತ್ತಾರೆ. ಮಾನ್ಯ ಓದುಗರೇ, ಇದು ನಾವು ಭಾವಿಸಿರುವಷ್ಟು ಸಣ್ಣ ವಿಷಯವೇ?

ಒಬ್ಬ ಸ್ತ್ರೀ ಒಂದು ಬೆಕ್ಕಿನ ಕಾರಣದಿಂದ ನರಕಕ್ಕೆ ಹೋದಳೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಬ್ದುಲ್ಲಾ ಬಿನ್ ಉಮರ್(ರ) ವರದಿ ಮಾಡಿರುವ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ಗಳೆರಡರಲ್ಲೂ ಇದೆ. ಅವಳು ಅದನ್ನು ಹೊಡೆದು ಸಾಯಿಸಿದಳೆಂದು ಅಲ್ಲಿ ಹೇಳಿಲ್ಲ. ಅದನ್ನು ಕಟ್ಟಿಹಾಕಿದಳು, ತಾನೂ ಆಹಾರ ಕೊಡಲಿಲ್ಲ, ನೆಲದ ಮೇಲಿನ ಹುಳು ಹುಪ್ಪಟೆಗಳನ್ನಾದರೂ ತಿಂದು ಬದುಕಲಿ ಎಂದು ಬಿಡಲೂ ಇಲ್ಲ. ಒಂದು ಜೀವವನ್ನು ಕೈಗೆ ತೆಗೆದುಕೊಂಡು ಅದರ ಹೊಣೆಯನ್ನು ಮರೆತದ್ದೇ ಅವಳ ಅಪರಾಧವಾಗಿತ್ತು. ತನ್ನಷ್ಟಕ್ಕೆ ಬೇಟೆಯಾಡಲು ಇನ್ನೂ ಕಲಿಯದ ಮರಿಯನ್ನು ನಾಯಿ, ವಾಹನಗಳ ಮಧ್ಯೆ ಬಿಟ್ಟು ಬರುವವನೂ ಅದೇ ಹೊಣೆಯನ್ನು ಮರೆಯುತ್ತಾನೆ. ಅವನು ಬಾಗಿಲು ಮುಚ್ಚುವ ಬದಲು ತೆರೆದಿದ್ದಾನೆ, ಅಷ್ಟೇ.

ಇನ್ನೊಂದು ಘಟನೆಯನ್ನು ನೋಡಿರಿ. ಸಹಾಬಿ ಅಬೂ ಕತಾದಃ(ರ)ರಿಗೆ ಅವರ ಸೊಸೆ ಕಬ್ಶಃ ವುಝೂಗಾಗಿ ನೀರು ತಂದಿಟ್ಟರು. ಅಷ್ಟರಲ್ಲಿ ಬೆಕ್ಕೊಂದು ಬಂದು ಅದಕ್ಕೆ ಬಾಯಿ ಹಾಕಿತು. ಅವರು ಅದನ್ನು ಓಡಿಸುವ ಬದಲು ಅದು ಕುಡಿದು ಮುಗಿಸುವವರೆಗೆ ಪಾತ್ರೆಯನ್ನು ಅದರತ್ತ ಬಾಗಿಸಿ ಹಿಡಿದರು. ಕಬ್ಶಃ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧ ಪ್ರಾಣಿಯಲ್ಲ, ಅದು ನಿಮ್ಮ ಸುತ್ತಮುತ್ತ ಸುಳಿದಾಡುತ್ತಿರುವವುಗಳಲ್ಲಿ ಸೇರಿದೆ ಎಂಬ ಪ್ರವಾದಿ(ಸ)ರ ಮಾತನ್ನು ತಿಳಿಸಿದರು. ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿರುವ ಈ ಹದೀಸ್‌ನಲ್ಲಿ ಬಂದಿರುವ 'ತವ್ವಾಫೂನ್' ಎಂಬ ಪದವು ಪವಿತ್ರ ಕುರ್‌ಆನಿನ ಸೂರಃ ಅನ್ನೂರ್‌ನ 58ನೆಯ ಸೂಕ್ತದಲ್ಲೂ ಬಂದಿದೆ. ಅಲ್ಲಿ ಅದನ್ನು ಮನೆಯೊಳಗೆ ಓಡಾಡುತ್ತಿರುವ ಸೇವಕರು ಮತ್ತು ಮಕ್ಕಳ ಕುರಿತು ಬಳಸಲಾಗಿದೆ. ಅಂದರೆ ಬೆಕ್ಕನ್ನು ಹೊರಗಿನದೆಂದು ಕಾಣದೆ ಮನೆಮಂದಿಯ ಸಾಲಿನಲ್ಲೇ ನಿಲ್ಲಿಸಲಾಗಿದೆ.

ಹಾಗಾದರೆ ಹೊಸ ಮರಿ ಬಂದಾಗ ಮನೆಯಲ್ಲಿ ಇಬ್ಬರು ಹಕ್ಕುದಾರರು ಇರುತ್ತಾರೆ. ಮೊದಲಿನದಕ್ಕೆ ತನ್ನ ಜಾಗದ ಹಕ್ಕು, ಬಂದದ್ದಕ್ಕೆ ಆಶ್ರಯದ ಹಕ್ಕು. ಎರಡನ್ನೂ ಸಲ್ಲಿಸಬೇಕಾದವರು ನಾವು.

ಮೊದಲನೆಯದಾಗಿ, ಮರಿಯನ್ನು ತಾಯಿಯಿಂದ ಬೇಗನೆ ಬೇರ್ಪಡಿಸಬಾರದು. ಒಂದು ಪ್ರಯಾಣದಲ್ಲಿ ಸಹಾಬಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಬಂತು. ಇದನ್ನು ಕಂಡ ಪ್ರವಾದಿ(ಸ) ಅದರ ಮರಿಗಳನ್ನು ಮರಳಿಸುವಂತೆ ಆಜ್ಞಾಪಿಸಿದರು. ಬೆಕ್ಕಿನ ಮರಿ ಕನಿಷ್ಠ 8 ವಾರಗಳಾದರೂ ತಾಯಿಯ ಜೊತೆಗಿರಬೇಕು. ಇತರ ಬೆಕ್ಕುಗಳೊಂದಿಗೆ ಹೇಗೆ ವರ್ತಿಸಬೇಕೆಂಬುದನ್ನು ಅದು ತಾಯಿ ಮತ್ತು ಒಡಹುಟ್ಟಿದವುಗಳಿಂದಲೇ ಕಲಿಯುತ್ತದೆ. ಮನೆಗೆ ತಂದೊಡನೆ ಪಶುವೈದ್ಯರಿಗೆ ತೋರಿಸಿ ಹುಳದ ಔಷಧಿ, ಲಸಿಕೆಗಳನ್ನು ಕೊಡಿಸಿರಿ. ಇಲ್ಲವಾದರೆ ಮರಿಯ ರೋಗ ಹಳೆಯ ಬೆಕ್ಕಿಗೂ ಅಂಟೀತು.

ಎರಡನೆಯದಾಗಿ, ಮೊದಲ ದಿನವೇ ಎರಡನ್ನೂ ಎದುರುಬದುರು ತಂದು ನಿಲ್ಲಿಸಬೇಡಿರಿ. ಮರಿಯನ್ನು ಒಂದು ವಾರ, ಬೇಕಾದರೆ ಎರಡು ವಾರ, ಬೇರೆ ಕೋಣೆಯಲ್ಲಿಡಿ. 'ಹೀಗೆ ಕೂಡಿಹಾಕುವುದು ಆ ಸ್ತ್ರೀ ಮಾಡಿದ ಕೆಲಸವೇ ಅಲ್ಲವೇ?' ಎಂದು ನೀವು ಕೇಳಬಹುದು. ಅಲ್ಲ. ಆಹಾರ, ನೀರುಗಳಲ್ಲಿ ಕೊರತೆ ಮಾಡದಿದ್ದರೆ ಬೆಕ್ಕನ್ನು ಸಾಕಬಹುದು, ಕಟ್ಟಿಯೂ ಇಡಬಹುದು ಎಂಬುದನ್ನು ವಿದ್ವಾಂಸರು ಅದೇ ಹದೀಸ್‌ನಿಂದ ಗ್ರಹಿಸಿದ್ದಾರೆ. ಆ ಕೋಣೆಯಲ್ಲಿ ಆಹಾರ, ನೀರು, ಮರಳಿನ ತಟ್ಟೆ, ಅವಿತುಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಇರಲಿ. ದಿನಕ್ಕೆ ಹಲವು ಬಾರಿ ಯಾರಾದರೂ ಹೋಗಿ ಅದರ ಜೊತೆ ಕುಳಿತುಕೊಳ್ಳಲಿ. ಹೀಗೆ ಮಾಡಿದಾಗ ಆ ಕೋಣೆ ಮರಿಗೆ ಬಂದೀಖಾನೆಯಾಗುವುದಿಲ್ಲ, ಆಶ್ರಯವಾಗುತ್ತದೆ.

ಭೂಮಿಯ ಮೇಲಿನ ಪ್ರಾಣಿಗಳು, ಹಾರುವ ಹಕ್ಕಿಗಳು ನಿಮ್ಮಂತೆಯೇ ಇರುವ ಸಮುದಾಯಗಳೆಂದು ಸೂರಃ ಅಲ್ ಅನ್‌ಆಮ್‌ನ 38ನೆಯ ಸೂಕ್ತ ತಿಳಿಸುತ್ತದೆ. ಸಮುದಾಯವೆಂದ ಮೇಲೆ ಅದಕ್ಕೊಂದು ರೀತಿ ನೀತಿ ಇರುತ್ತದೆ. ಬೆಕ್ಕಿನ ಸಮುದಾಯದಲ್ಲಿ ಪರಿಚಯ ಆರಂಭವಾಗುವುದು ವಾಸನೆಯಿಂದ. ಅದು ಕೆನ್ನೆಯನ್ನು ಬಾಗಿಲಿಗೆ, ಕುರ್ಚಿಗೆ, ನಮ್ಮ ಕಾಲಿಗೆ ಉಜ್ಜುವುದು ತನ್ನ ವಾಸನೆಯನ್ನು ಅಲ್ಲಿ ಬಿಡಲಿಕ್ಕಾಗಿ. ಆದ್ದರಿಂದ ಒಂದು ಬಟ್ಟೆಯಿಂದ ಮರಿಯ ಕೆನ್ನೆಯನ್ನು ಒರೆಸಿ ಅದನ್ನು ಹಳೆಯ ಬೆಕ್ಕಿನ ಬಳಿ ಇಡಿ. ಅದರ ಬಟ್ಟೆಯನ್ನು ಮರಿಯ ಬಳಿ ಇಡಿ. ಮುಚ್ಚಿದ ಬಾಗಿಲಿನ ಆಚೆಗೊಂದು, ಈಚೆಗೊಂದು ಬಟ್ಟಲಿನಲ್ಲಿ ಆಹಾರ ಕೊಡಿ. ಪರಕೀಯ ವಾಸನೆಯೊಂದಿಗೆ ಊಟದ ಸಂತೋಷ ಬೆರೆತಾಗ ಭಯ ಕಡಿಮೆಯಾಗುತ್ತದೆ. ಎರಡೂ ನೆಮ್ಮದಿಯಿಂದ ತಿನ್ನತೊಡಗಿದ ಮೇಲೆ ಬಾಗಿಲನ್ನು ಸ್ವಲ್ಪ ತೆರೆಯಿರಿ. ಅನಂತರ ನಿಮ್ಮ ಸಮ್ಮುಖದಲ್ಲಿ ಐದು ನಿಮಿಷ, ಹತ್ತು ನಿಮಿಷ ಭೇಟಿ ಮಾಡಿಸಿರಿ.

ಆಗ ಹಳೆಯ ಬೆಕ್ಕು ಬುಸುಗುಟ್ಟಬಹುದು. ದಯವಿಟ್ಟು ಅದಕ್ಕೆ ಹೊಡೆಯಬೇಡಿರಿ. ಬುಸುಗುಡುವುದು 'ದೂರವಿರು' ಎಂಬ ಎಚ್ಚರಿಕೆ. ಅದು ಜಗಳವನ್ನು ತಪ್ಪಿಸುವ ಮಾತೇ ಹೊರತು ಜಗಳವಲ್ಲ. ಮರಿ ಬಂದಾಗಲೆಲ್ಲ ತನಗೆ ಪೆಟ್ಟು ಬೀಳುತ್ತದೆಂದು ತಿಳಿದರೆ ಆ ಬೆಕ್ಕು ಮರಿಯನ್ನು ಹೇಗೆ ಪ್ರೀತಿಸೀತು? ಪರಸ್ಪರ ಉರುಳಾಡಿ ಕಚ್ಚಿಕೊಂಡರೆ ಮಾತ್ರ ನಡುವೆ ಒಂದು ರಟ್ಟನ್ನೋ ದಿಂಬನ್ನೋ ಇಟ್ಟು ಬೇರ್ಪಡಿಸಿ, ಮರುದಿನ ಹಿಂದಿನ ಹಂತದಿಂದ ಆರಂಭಿಸಿರಿ. ಕೆಲವು ಮನೆಗಳಲ್ಲಿ 'ಅವೇ ಕಾದಾಡಿ ಸರಿಹೋಗುತ್ತವೆ' ಎಂದು ಎರಡನ್ನೂ ಒಂದೇ ಕೋಣೆಗೆ ಬಿಟ್ಟು ಮಕ್ಕಳು ಸುತ್ತ ನಿಂತು ನಗುತ್ತಾರೆ. ಪ್ರಾಣಿಗಳನ್ನು ಪರಸ್ಪರ ಕಾದಾಡಿಸುವುದನ್ನು ಪ್ರವಾದಿ(ಸ) ನಿಷೇಧಿಸಿದ್ದಾಗಿ ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿ ವರದಿಯಾಗಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತೇವೆ. ಇಲ್ಲಿ ಚೆಲ್ಲಾಟ ನಮ್ಮದು, ಸಂಕಟ ಬೆಕ್ಕಿನದು.

ಇನ್ನು ನ್ಯಾಯದ ವಿಷಯ. ಎರಡಕ್ಕೂ ಪ್ರತ್ಯೇಕ ಬಟ್ಟಲು, ಪ್ರತ್ಯೇಕ ಮಲಗುವ ಜಾಗ ಇರಲಿ. ಮರಳಿನ ತಟ್ಟೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರುವುದು ಒಳ್ಳೆಯದು. ಆಹಾರವನ್ನೂ ಮುದ್ದನ್ನೂ ಹಳೆಯದಕ್ಕೆ ಮೊದಲು ಕೊಡಿ. ಅದು ಊಟ ಬಿಟ್ಟರೆ ನಿರ್ಲಕ್ಷಿಸಬೇಡಿರಿ. ಗಂಡು ಬೆಕ್ಕು ಮೂತ್ರ ಬಾರದೆ ತಿಣುಕುತ್ತಿದ್ದರೆ ಅದೇ ದಿನ ವೈದ್ಯರ ಬಳಿಗೆ ಒಯ್ಯಿರಿ, ಅದು ಪ್ರಾಣಾಪಾಯದ ಲಕ್ಷಣ.

ಸೋದರ ಸೋದರಿಯರೇ, ಇದರಲ್ಲಿ ನಮಗೊಂದು ಪಾಠವಿದೆ. ಮನೆಗೆ ಹೊಸ ಶಿಶು ಬಂದಾಗ ನಾಲ್ಕು ವರ್ಷದ ಮಗು ಹಠ ಮಾಡುತ್ತದೆ. ನಾವು ಅದನ್ನು ಗದರಿಸಿ 'ನೀನು ದೊಡ್ಡವನು' ಎನ್ನುತ್ತೇವೆ. ನುಅ್‌ಮಾನ್ ಬಿನ್ ಬಶೀರ್(ರ)ರ ತಂದೆ ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟಾಗ, ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂದು ಪ್ರವಾದಿ(ಸ) ಅವರನ್ನು ಎಚ್ಚರಿಸಿದರು. ಹಳೆಯ ಬೆಕ್ಕಿನ ಬಟ್ಟಲನ್ನು ಮೊದಲು ತುಂಬಿಸುವ ತಾಯಿಯನ್ನು ದಿನವೂ ನೋಡುವ ಮಗು, ಹೊಸಬರು ಬಂದರೆಂದು ಹಳಬರ ಹಕ್ಕು ಕಡಿಮೆಯಾಗುವುದಿಲ್ಲವೆಂಬುದನ್ನು ಉಪದೇಶವಿಲ್ಲದೆಯೇ ಕಲಿಯುತ್ತದೆ. ಮರಿಯನ್ನು ಗೋಣಿಚೀಲಕ್ಕೆ ಹಾಕುವುದನ್ನು ನೋಡಿದ ಮಗುವೂ ಕಲಿಯುತ್ತದೆ, ಬೇಡವಾದವರನ್ನು ಏನು ಮಾಡಬೇಕೆಂದು.

ಕೆಲವು ಬೆಕ್ಕುಗಳು ಒಂದೆರಡು ವಾರಗಳಲ್ಲಿ ಹೊಂದಿಕೊಂಡರೆ ಕೆಲವಕ್ಕೆ ತಿಂಗಳುಗಳೇ ಬೇಕು. ಇನ್ನು ಕೆಲವು ಎಂದೂ ಸ್ನೇಹಿತರಾಗದೆ ದೂರದಲ್ಲೇ ಇದ್ದು ಬಾಳುತ್ತವೆ, ಅದೂ ಸಾಕು. ಎಷ್ಟು ಪ್ರಯತ್ನಿಸಿದರೂ ಆಗದಿದ್ದರೆ ಮರಿಯನ್ನು ನೋಡಿಕೊಳ್ಳುವ ಇನ್ನೊಂದು ಮನೆಯನ್ನು ಹುಡುಕಿ ಕೈಯಾರೆ ಒಪ್ಪಿಸಿರಿ. ಅದು ಅಮಾನತ್ತನ್ನು ಸಲ್ಲಿಸುವ ರೀತಿ.

ನಮ್ಮ ಛಾವಣಿಯ ಅಡಿಯಲ್ಲಿರುವ ಪ್ರತಿಯೊಂದು ಜೀವಿಯ ಹಕ್ಕನ್ನು ಅರಿತು ಸಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.