ಆಸೆಗೆ ಕಾರಣ ಬೇಕೆ?

ಗಂಡಸೊಬ್ಬ ಕಂಪನಿ ಕಟ್ಟಿದರೆ ‘ಹೇಗೆ ಕಟ್ಟಿದಿರಿ?’ ಎಂದು ಕೇಳುತ್ತೇವೆ. ಹೆಂಗಸು ಕಟ್ಟಿದರೆ ‘ಯಾಕೆ ಕಟ್ಟಿದಿರಿ?’ ಎನ್ನುತ್ತೇವೆ. ಎರಡೂ ಕುತೂಹಲದ ಪ್ರಶ್ನೆಗಳೇ. ಆದರೆ ಎರಡನೆಯದರಲ್ಲಿ ಸಣ್ಣದೊಂದು ತಕರಾರು ಅಡಗಿದೆ: ಮನೆ, ಸಂಬಳ ಎಲ್ಲ ಇರುವಾಗ ಇದೆಲ್ಲ ಬೇಕಿತ್ತೇ? ಆ ತಕರಾರಿಗೆ ಸಮಾಧಾನ ಹೇಳುವ ಕತೆಯೊಂದು ಅವಳ ಬಳಿ ಸಿದ್ಧವಿರಬೇಕು. ಒಂದು ನೋವು, ಒಂದು ಸಾವು, ಇಲ್ಲವೇ ಒಂದು ಅವಮಾನ. ಬರಿಯ ಆಸೆ ಸಾಲದು.

ಬೆಂಗಳೂರಿನ ಗೀತಾ ಮಂಜುನಾಥ್ ಅವರನ್ನೇ ನೋಡಿ. 2016ರಲ್ಲಿ ಅವರು ಶುರುಮಾಡಿದ ‘ನಿರಾಮೈ’ ಸ್ತನ ಕ್ಯಾನ್ಸರನ್ನು ಶಾಖದ ಚಿತ್ರಗಳಿಂದ ಗುರುತಿಸಲು ನೋಡುವ ಕಂಪನಿ. ಗೆಡ್ಡೆ ಬೆಳೆಯುವ ಕಡೆ ರಕ್ತಸಂಚಾರವೂ ಜೀವಕೋಶಗಳ ಚಟುವಟಿಕೆಯೂ ಹೆಚ್ಚು, ಹಾಗಾಗಿ ಅಲ್ಲಿ ತುಸು ಹೆಚ್ಚು ಬಿಸಿ. ಆ ಬಿಸಿಯನ್ನು ಕ್ಯಾಮೆರಾ ದೂರದಿಂದಲೇ ಸೆರೆಹಿಡಿಯುತ್ತದೆ, ಸಾಫ್ಟ್‌ವೇರ್ ಅದನ್ನು ಓದುತ್ತದೆ. ಯಾರೂ ಮುಟ್ಟಬೇಕಿಲ್ಲ, ಒತ್ತಬೇಕಿಲ್ಲ, ಎಕ್ಸ್‌ರೇ ಬೇಕಿಲ್ಲ. ಮ್ಯಾಮೊಗ್ರಾಮ್ ಯಂತ್ರವನ್ನು ಹಳ್ಳಿಯಿಂದ ಹಳ್ಳಿಗೆ ಹೊತ್ತೊಯ್ಯುವುದು ಕಷ್ಟ, ಇದನ್ನು ಒಯ್ಯಬಹುದು.

ಈ ಕಂಪನಿಯ ಬಗ್ಗೆ ಬರುವ ಬರಹಗಳು ಸಾಮಾನ್ಯವಾಗಿ ಒಂದೇ ಕಡೆ ಆರಂಭವಾಗುತ್ತವೆ. ಗೀತಾ ಅವರ ಹತ್ತಿರದ ಬಂಧುಗಳಲ್ಲಿ ಸ್ತನ ಕ್ಯಾನ್ಸರ್ ಕಾಣಿಸಿತು, ಅದರಿಂದ ಈ ಕೆಲಸ ಹುಟ್ಟಿತು. ಅವರೇ ಹೇಳಿಕೊಂಡ ಮಾತು ಅದು, ನನಗೆ ಅನುಮಾನವಿಲ್ಲ. ಆದರೆ ಅದಕ್ಕೂ ಮೊದಲು ಎರಡು ದಶಕಕ್ಕೂ ಮೀರಿದ ದುಡಿಮೆ ಇದೆ. ಸಿ-ಡ್ಯಾಕ್, ಎಚ್‌ಪಿ ಲ್ಯಾಬ್ಸ್, ಜೆರಾಕ್ಸ್ ಸಂಶೋಧನಾ ಕೇಂದ್ರ, ಜೊತೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪಿಎಚ್‌.ಡಿ. ಬಂಧುಗಳಿಗೆ ಕಾಯಿಲೆ ಬಂದು ನೊಂದವರು ಲಕ್ಷಾಂತರ ಜನರಿದ್ದಾರೆ. ಕ್ಯಾಮೆರಾದ ಚಿತ್ರವನ್ನು ಲೆಕ್ಕಕ್ಕೆ ತಿರುಗಿಸಬಲ್ಲವರು ಎಷ್ಟು ಮಂದಿ? ಕತೆಯಲ್ಲಿ ನೋವು ಮುಂದೆ ಬಂದು ಕೂರುತ್ತದೆ, ವಿದ್ಯೆ ಹಿಂದಿನ ಸಾಲಿಗೆ ಸರಿಯುತ್ತದೆ.

ಇದು ಬರೆಯುವವರ ಚಾಳಿ ಮಾತ್ರವಲ್ಲ, ಹಣ ಹೂಡುವವರದ್ದೂ ಹೌದು. ನ್ಯೂಯಾರ್ಕಿನ ಸ್ಟಾರ್ಟಪ್ ಸ್ಪರ್ಧೆಯೊಂದರಲ್ಲಿ ಹೂಡಿಕೆದಾರರು ಕೇಳಿದ ಪ್ರಶ್ನೆಗಳನ್ನು ಡಾನಾ ಕಾನ್ಜೆ ಮತ್ತು ಸಂಗಡಿಗರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಗಂಡಸರಿಗೆ ಬಂದ ಪ್ರಶ್ನೆಗಳಲ್ಲಿ ಸುಮಾರು ಮೂರನೇ ಎರಡು ಪಾಲು ಗೆಲುವು, ಬೆಳವಣಿಗೆಯ ಬಗ್ಗೆ. ಹೆಂಗಸರಿಗೆ ಬಂದವುಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲು ನಷ್ಟವನ್ನು ಹೇಗೆ ತಪ್ಪಿಸುತ್ತೀರಿ ಎಂಬುದರ ಬಗ್ಗೆ. ನಷ್ಟದ ಪ್ರಶ್ನೆ ಎದುರಿಸಿದವರಿಗೆ ಸಿಕ್ಕ ಹಣವೂ ಕಡಿಮೆ.

ಕಿರಣ್ ಮಜುಂದಾರ್ ಅವರ ಮೊದಲ ಸರಕು ಇಂಥ ಕತೆಗೆ ಒಗ್ಗುವಂಥದ್ದಲ್ಲ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದವರಿಗೆ ಇಲ್ಲಿ, ಹೆಣ್ಣು ಎಂಬ ಕಾರಣಕ್ಕೆ, ಯಾರೂ ಆ ಕೆಲಸ ಕೊಡಲಿಲ್ಲ. 1978ರಲ್ಲಿ, 25ನೇ ವಯಸ್ಸಿಗೆ, ಐರ್ಲೆಂಡಿನ ಕಂಪನಿಯೊಂದರ ಜೊತೆ ಸೇರಿ, 10,000 ರೂಪಾಯಿ ಬಂಡವಾಳದಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ‘ಬಯೋಕಾನ್’ ಆರಂಭಿಸಿದರು. ಪಪ್ಪಾಯಿಯ ಹಾಲಿನಿಂದ ಕಿಣ್ವ, ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಯಾಗಿಸುವ ಪದಾರ್ಥ: ಇವೇ ಆಗಿನ ಮಾಲು. ಇದರಲ್ಲಿ ಕಣ್ಣೀರು ತರಿಸುವಂಥದ್ದು ಏನಿದೆ? ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಮುಂದೆ ಅವರು ತಮ್ಮನ್ನು ‘ಆಕಸ್ಮಿಕ ಉದ್ಯಮಿ’ ಎಂದೇ ಕರೆದುಕೊಂಡರು. ಆ ಮಾತು ನಿಜವೇ ಇರಬಹುದು. ಆದರೂ ನನಗೆ ಅದು ಕುಟುಕುತ್ತದೆ. ‘ನಾನು ಬಯಸಿದ್ದಲ್ಲ, ತಾನಾಗಿ ಆಯಿತು’ ಎಂದರೆ ಕೇಳುವವರಿಗೆ ಹಿತ.

ಲಾಭದ ಆಸೆಯನ್ನು ತಪ್ಪೆಂದು ನಾವು ಬಿಟ್ಟು ಕಾಲವಾಯಿತು. ನಮ್ಮ ಊಟ ಕಟುಕನ, ಬಿಯರ್ ಕಾಯಿಸುವವನ, ರೊಟ್ಟಿ ಸುಡುವವನ ದಯೆಯಿಂದ ಬರುವುದಲ್ಲ, ಅವರವರ ಹಿತದ ಲೆಕ್ಕದಿಂದ ಬರುವುದು ಎಂದು ಆಡಂ ಸ್ಮಿತ್ ವಾದಿಸಿದ್ದು 1776ರಲ್ಲಿ. ಗಂಡಸಿಗೆ ಆ ರಿಯಾಯಿತಿ ಅಂದಿನಿಂದಲೂ ಸಿಕ್ಕಿದೆ. ಹೆಣ್ಣು ಮಾತ್ರ ಇನ್ನೂ ದಯೆಯ ಲೆಕ್ಕ ಒಪ್ಪಿಸುತ್ತಿದ್ದಾಳೆ.

ನಮ್ಮ ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲೂ ಇದೇ ವ್ಯವಹಾರ. ಕಂಡಿಕೆ ಸುತ್ತುವುದು ಹೆಂಗಸರು, ಮಗ್ಗದ ಯಜಮಾನರೆನಿಸಿಕೊಳ್ಳುವುದು ಗಂಡಸರು. ನನಗೆ ಪರಿಚಯದ ಅಕ್ಕ ಒಬ್ಬರು ಸಾಲಕ್ಕೆ ಓಡಾಡುತ್ತಿದ್ದಾಗ ಕೇಳಿದೆ, ‘ಏನಕ್ಕೆ ಅಂತ ಹೇಳಿದ್ರಿ ಅಕ್ಕ?’ ‘ಮಕ್ಕಳ ಓದಿಗೆ ಅನುಕೂಲ ಆಗುತ್ತೆ ಅಂದೆ ಕಣಮ್ಮ. ನಂಗೆ ಇನ್ನೂ ನಾಕು ಮಗ್ಗ ಹಾಕಿಸೋ ಆಸೆ ಅಂದ್ರೆ ಕೊಡ್ತಾರಾ?’ ಅವರ ಗಂಡನಿಗೆ ಸಾಲ ಬೇಕಾಗಿದ್ದರೆ ಮಗ್ಗದ ಮಾತೇ ಸಾಕಾಗುತ್ತಿತ್ತು. ನನ್ನದೂ ಅಷ್ಟೇ. ‘ಯಾಕಮ್ಮ ಇನ್ನೂ ಓದ್ತಿದ್ದೀಯ?’ ಎಂದವರಿಗೆ ‘ಲೆಕ್ಚರರ್ ಕೆಲಸಕ್ಕೆ’ ಎಂದರೆ ತಲೆಯಾಡಿಸುತ್ತಾರೆ. ‘ಇಷ್ಟ, ಅದಕ್ಕೆ’ ಎಂದರೆ ಮಾತು ಮದುವೆಗೆ ಹೊರಳುತ್ತದೆ.

ಒಳ್ಳೆಯ ಉದ್ದೇಶ ಕೇಳುವುದರಲ್ಲಿ ತಪ್ಪೇನು ಎನ್ನಬಹುದು. ಎಲ್ಲರನ್ನೂ ಕೇಳಲಿ, ಒಪ್ಪುತ್ತೇನೆ. ಆದರೆ ಉದ್ದೇಶ ಯಾವುದಕ್ಕೆ ಸಾಕ್ಷಿ, ಯಾವುದಕ್ಕಲ್ಲ ಎಂಬುದೂ ತಿಳಿದಿರಬೇಕು. ಅಮೆರಿಕದ ಎಲಿಜಬೆತ್ ಹೋಮ್ಸ್ 2003ರಲ್ಲಿ ‘ಥೆರಾನೋಸ್’ ಕಟ್ಟಿದರು. ಕೆಲವೇ ಹನಿ ರಕ್ತದಿಂದ ಹತ್ತಾರು ಪರೀಕ್ಷೆ ಮಾಡುತ್ತೇವೆ ಎಂದರು. ಕ್ಯಾನ್ಸರಿನಿಂದ ತೀರಿಕೊಂಡ ಮಾವನ ಕತೆಯನ್ನು ವೇದಿಕೆಯ ಮೇಲೆ ಹೇಳಿದರು. ಯಂತ್ರ ಹೇಳಿದಂತೆ ಕೆಲಸ ಮಾಡಲಿಲ್ಲ. 2022ರ ಜನವರಿಯಲ್ಲಿ, ಹೂಡಿಕೆದಾರರಿಗೆ ವಂಚಿಸಿದ ಅಪರಾಧ ಸಾಬೀತಾಯಿತು. ಮರುಳಾದವರಲ್ಲಿ ದೊಡ್ಡ ದೊಡ್ಡವರಿದ್ದರು. ಕತೆಗೆ ತಲೆದೂಗಿದವರು ಯಂತ್ರದ ಮುಚ್ಚಳ ತೆಗೆಸಿ ನೋಡಲಿಲ್ಲ.

‘ಯಾಕೆ’ ಎಂಬ ಪ್ರಶ್ನೆ ಹೀಗೆ ಎರಡೂ ಕಡೆ ಕೆಡಿಸುತ್ತದೆ. ಕೆಲಸ ಬಲ್ಲವಳ ವಿದ್ಯೆಯನ್ನು ಮರೆಸುತ್ತದೆ, ಬಾರದವಳಿಗೆ ಮರೆಯಾಗುತ್ತದೆ. ಗೀತಾ ಅವರನ್ನು ಗೌರವಿಸುವುದೆಂದರೆ ಕಠಿಣ ಪ್ರಶ್ನೆಗಳನ್ನೇ ಕೇಳುವುದು. ಶಾಖದ ಚಿತ್ರವೊಂದನ್ನೇ ಮ್ಯಾಮೊಗ್ರಾಮಿನ ಬದಲಿಗೆ ನೆಚ್ಚಬೇಡಿ ಎಂದು ಅಮೆರಿಕದ ಎಫ್‌ಡಿಎ ಎಚ್ಚರಿಸಿದೆ. ಹಾಗಾದರೆ ಹಳೆಯ ವಿಧಾನಕ್ಕೂ ಈ ಸಾಫ್ಟ್‌ವೇರಿಗೂ ಎಷ್ಟು ಅಂತರ? ಕ್ಯಾನ್ಸರ್ ಇದ್ದ ನೂರು ಮಂದಿಯಲ್ಲಿ ಎಷ್ಟು ಜನರನ್ನು ಇದು ಬಿಟ್ಟುಬಿಡುತ್ತದೆ? ಇಲ್ಲದವರಲ್ಲಿ ಎಷ್ಟು ಜನರನ್ನು ಸುಮ್ಮನೆ ಹೆದರಿಸುತ್ತದೆ? ಸಂಶಯ ಬಂದವಳು ಮುಂದಿನ ಪರೀಕ್ಷೆಗೆ ಎಲ್ಲಿಗೆ ಹೋಗಬೇಕು, ಬಸ್ಸಿನ ಖರ್ಚು ಯಾರದು? ನೆಲಮಂಗಲದ ಯಾವುದೋ ಶಾಲೆಯಲ್ಲಿ ಶಿಬಿರ ನಡೆದರೆ, ಪರದೆಯ ಹಿಂದೆ ಸೆರಗು ಸರಿಸಿ ಕ್ಯಾಮೆರಾದೆದುರು ನಿಲ್ಲುವವಳಿಗೆ ಬೇಕಾದದ್ದು ಈ ಉತ್ತರಗಳು.