ದೇವರ ಹೂವು

ದೇವರಿಗೆಂದು ಕಿತ್ತ ಹೂವು ಕಳವಲ್ಲ ಎನ್ನುತ್ತಿದ್ದಳು ಅಮ್ಮ. ಶಿವಮೊಗ್ಗದ ನಮ್ಮ ಬೀದಿಯಲ್ಲಿ ಎಲ್ಲರ ನಂಬಿಕೆಯೂ ಅದೇ. ಹಾಗಾಗಿ ಬೆಳಕು ಹರಿಯುವ ಮುನ್ನ ಬುಟ್ಟಿ ಹಿಡಿದು, ಪಕ್ಕದ ಮನೆಯ ಬೇಲಿಯಿಂದ ಈಚೆಗೆ ಬಾಗಿದ ದಾಸವಾಳ ಬಿಡಿಸಿ ತರುವುದು ನನ್ನ ಪಾಲಿನ ಕೆಲಸ. ಈಚೆಗೆ ಬಾಗದ ರೆಂಬೆಯನ್ನೂ ಒಂದಿಷ್ಟು ಬಾಗಿಸಿಕೊಳ್ಳುತ್ತಿದ್ದೆ, ಆ ಮಾತು ಬೇರೆ.

1996ರಲ್ಲಿ ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೆ. ಆಗಸ್ಟ್ ತಿಂಗಳ ಒಂದು ಭಾನುವಾರ ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳು ಊಟಕ್ಕೆ ಕರೆದಳು. ಬರಿಗೈಯಲ್ಲಿ ಹೋಗುವಂತಿಲ್ಲ. ಭಾನುವಾರ ಅಲ್ಲಿ ಅಂಗಡಿ ಬೀದಿಗೆ ಬೀದಿಯೇ ಮುಚ್ಚಿರುತ್ತದೆ. ಊರಾಚೆ ರಸ್ತೆ ಬದಿಯಲ್ಲಿ ಒಂದು ಹೂವಿನ ಹೊಲ ಇತ್ತು. ಬೇಲಿಯಿಲ್ಲ, ಕಾವಲಿಲ್ಲ. ಬೆಲೆ ಬರೆದ ಹಲಗೆ, ದಾರಕ್ಕೆ ಕಟ್ಟಿದ ಚಾಕು, ಕಾಸು ಹಾಕಲು ಒಂದು ಡಬ್ಬಿ. ನೀವೇ ಕೊಯ್ದುಕೊಳ್ಳಬೇಕು, ನೀವೇ ಎಣಿಸಿ ಹಣ ಹಾಕಬೇಕು. ಎಂಥ ಜನ ಎಂದು ಬೆರಗಾಗಿ ಊರಿಗೆ ಕಾಗದವನ್ನೂ ಬರೆದಿದ್ದೆ. ಆಮೇಲೆ ಹತ್ತಿರದಿಂದ ನೋಡಿದರೆ ಡಬ್ಬಿ ದಪ್ಪ ಕಬ್ಬಿಣದ್ದು, ಸಿಮೆಂಟಿನಲ್ಲಿ ಹೂತದ್ದು. ಹೂವಿನ ವಿಷಯದಲ್ಲಿ ಇದ್ದ ನಂಬಿಕೆ ಹಣದ ವಿಷಯದಲ್ಲಿ ಇರಲಿಲ್ಲ!

ಗ್ಲಾಡಿಯೋಲಸ್ ಕಡ್ಡಿಗೆ ಒಂದು ಮಾರ್ಕ್. ಆಗಿನ ನಮ್ಮ 20 ರೂಪಾಯಿಗೂ ಮೇಲೆ. ನನ್ನಲ್ಲಿ ಚಿಲ್ಲರೆ ಇದ್ದದ್ದು ನಾಲ್ಕು ಮಾರ್ಕ್, ಉಳಿದದ್ದು ನೂರರ ನೋಟು. ನಾಲ್ಕು ಕಡ್ಡಿ ಬಡತನವಾಗಿ ಕಂಡಿತು. ಏಳು ಕೊಯ್ದೆ, ನಾಲ್ಕರ ದುಡ್ಡು ಹಾಕಿದೆ. ಇನ್ನೊಬ್ಬರ ಮನೆಗೆ ಕೊಡಲಿಕ್ಕೆ ತಾನೇ, ನಾನೇನು ಮುಡಿದುಕೊಳ್ಳುತ್ತೇನೆಯೇ ಎಂದುಕೊಂಡೆ. ಅಂದುಕೊಂಡಾಗಲೇ ತಿಳಿಯಿತು, ಇದು ಅಮ್ಮನ ಮಾತೇ, ದೇವರ ಜಾಗದಲ್ಲಿ ಅತಿಥಿಮರ್ಯಾದೆ ಬಂದು ಕೂತಿದೆ ಅಷ್ಟೆ.

ಮುಂದಿನ ಶನಿವಾರ ಹೋಗಿ ಮೂರು ಮಾರ್ಕ್ ಹಾಕಿದೆ. ಠಣ್ ಎಂದಿತು. ಮನಸ್ಸು ಹಗುರವಾಯಿತು. ಆ ರೈತನ ಮುಖವನ್ನೇ ನಾನು ನೋಡಿದವಳಲ್ಲ, ಅವನ ಲೆಕ್ಕ ಚುಕ್ತಾ.

ಪಕ್ಕದ ಮನೆಯ ಅಜ್ಜಿಯ ಲೆಕ್ಕ ಹಾಗಲ್ಲ. ಒಂದು ಬೆಳಿಗ್ಗೆ ಆಕೆ ನನಗಿಂತ ಮೊದಲೇ ಎದ್ದು ಬೇಲಿಯ ಬಳಿ ನಿಂತಿದ್ದಳು. ಬೈಯಲಿಲ್ಲ. "ನಮ್ಮ ದೇವರಿಗೂ ಒಂದು ಬಿಟ್ಟಿರು ಮಗಾ" ಎಂದಳಷ್ಟೆ. ಅಮ್ಮನಿಗೆ ಹೇಳಿದರೆ, "ನಾಳೆಯಿಂದ ಆಚೆಮನೆಯವರದ್ದು ಕೀಳು" ಎಂದಳು. ಅಮ್ಮ ಜ್ವರದಿಂದ ಮಲಗಿದಾಗ ಗಂಜಿ ತಂದದ್ದೂ ಅದೇ ಅಜ್ಜಿ. ಕೊಡುವುದು ತೆಗೆದುಕೊಳ್ಳುವುದು ಎರಡಕ್ಕೂ ನಮ್ಮಲ್ಲಿ ಬೆಲೆಯ ಹಲಗೆ ಇರಲಿಲ್ಲ, ಹೂವೂ ಅದರಲ್ಲೇ ಸೇರಿಹೋಯಿತು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಗಂಜಿಯನ್ನು ಆಕೆಯೇ ತಂದಳು. ಹೂವನ್ನು ನಾವು ಕೇಳಿರಲಿಲ್ಲ. ಎಷ್ಟು ದಿನ ಆಕೆಯ ದೇವರು ಬರೀ ತುಳಸಿಯಲ್ಲಿ ಕಳೆದನೋ!

ಈಗ ನನ್ನದೇ ಕಾಂಪೌಂಡಿನ ಬಳಿ ನಂದಿಬಟ್ಟಲಿನ ಗಿಡವಿದೆ. ಬೆಳಗಿನ ವಾಕಿಂಗ್‌ಗೆ ಬರುವ ಹೆಂಗಸೊಬ್ಬಳು ಪ್ಲಾಸ್ಟಿಕ್ ಕವರಿನೊಡನೆ ಅಲ್ಲಿ ನಿಲ್ಲುತ್ತಾಳೆ. ರೆಂಬೆ ಬಾಗಿಸುವ ಸದ್ದು ನನಗೆ ಚೆನ್ನಾಗಿ ಗೊತ್ತು. ಕಿಟಕಿಯ ಹಿಂದೆ ನಿಂತು ದೀಪದ ಸ್ವಿಚ್ಚಿನ ಮೇಲೆ ಕೈಯಿಡುತ್ತೇನೆ, ಹಾಕುವುದಿಲ್ಲ. ಅವಳು ಹೋದ ಮೇಲೆ ಹೊರಗೆ ಬಂದು ಎಷ್ಟು ಉಳಿದಿವೆ ಎಂದು ಎಣಿಸುತ್ತೇನೆ.